ಖಾಲಿ ಹೋಗುವ ಗಾಡಿ ಹುಡುಕಿದ ರಾತ್ರಿ

ಸಂಜೆ 7 ಗಂಟೆಗೆ ಗೆಳತಿಯ ಫೋನ್ ಬಂತು. ಬೆಳಗಿನ ಜಾವ ತನ್ನ ಕಾರಿನಲ್ಲಿ ನನ್ನನ್ನು ಏರ್‌ಪೋರ್ಟಿಗೆ ಬಿಡಬೇಕಾಗಿದ್ದವಳು ಅವಳೇ. ಮಗುವಿಗೆ ಜ್ವರ ಏರಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದಳು. "ಈಗ ಏನು ಮಾಡ್ತೀಯೇ?" ಎಂದು ಕೇಳುವಾಗ ಅವಳ ದನಿ ನಡುಗುತ್ತಿತ್ತು. "ನೀನು ಮೊದಲು ಮಗು ನೋಡ್ಕೋ. ನಾನು ಹೇಗೋ ಹೋಗ್ತೀನಿ" ಎಂದೆ.

ಫೋನ್ ಇಟ್ಟ ಮೇಲೆ ಗಾಬರಿ ಶುರುವಾಯಿತು. ನಾನಿದ್ದ ಜಾಗದಿಂದ ಏರ್‌ಪೋರ್ಟು 190 ಕಿಲೋಮೀಟರ್ ದೂರ. ವಿಮಾನ ಬೆಳಿಗ್ಗೆ 9:30ಕ್ಕೆ. ಅದರ ಮರುದಿನ ತಮ್ಮನಿಗೆ ಆಪರೇಷನ್. ಅವನನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ನಾನು ಅಲ್ಲಿರಬೇಕಿತ್ತು. ತಪ್ಪಿಸಿಕೊಂಡರೆ ಮುಂದಿನ ವಿಮಾನಕ್ಕೆ ಹೋದರಾಯಿತು ಎನ್ನುವಂಥ ಪ್ರಯಾಣ ಅದಾಗಿರಲಿಲ್ಲ.

ಅಷ್ಟು ದೂರದ ಏರ್‌ಪೋರ್ಟ್ ಯಾಕೆ ಅಂತ ಕೇಳಬಹುದು. ಹತ್ತಿರದಲ್ಲೇ ಇನ್ನೊಂದು ಇತ್ತು. ಆದರೆ ಕೊನೇ ಗಳಿಗೆಯ ಟಿಕೆಟ್ ಅಲ್ವಾ, ಅಲ್ಲಿಂದ ಹೊರಡುವ ವಿಮಾನಕ್ಕೆ ಮೂರು ಪಟ್ಟು ದುಡ್ಡು ಕೇಳುತ್ತಿದ್ದರು. ದೂರದ್ದನ್ನು ಆರಿಸಿದಾಗ ಜಾಣತನ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಗೆಳತಿಯ ಕಾರು ಇದೆ ಅನ್ನುವ ಧೈರ್ಯದ ಮೇಲೆ ಹಾಕಿದ ಲೆಕ್ಕ ಅದು. ಆ ಕಾರು ಇಲ್ಲ ಅಂದ ಕೂಡಲೇ ಲೆಕ್ಕವೆಲ್ಲ ತಲೆಕೆಳಗಾಯಿತು.

ಮೊದಲು ಒಂದು ಹಾಳೆ ತೆಗೆದುಕೊಂಡು ಹೊತ್ತನ್ನು ಹಿಂದಿನಿಂದ ಬರೆಯುತ್ತಾ ಬಂದೆ. ವಿಮಾನ 9:30. ಲಗೇಜು ತೆಗೆದುಕೊಳ್ಳುವ ಕೌಂಟರ್ ಒಂದು ಗಂಟೆ ಮುಂಚೆ, ಅಂದರೆ 8:30ಕ್ಕೆ ಮುಚ್ಚುತ್ತದೆ ಎಂದು ಟಿಕೆಟ್ಟಿನಲ್ಲೇ ಇತ್ತು. ಹಾಗಾಗಿ ನನ್ನ ಮಟ್ಟಿಗೆ 9:30 ಅನ್ನೋದು ಲೆಕ್ಕಕ್ಕೇ ಇಲ್ಲ, ನಿಜವಾದ ಗಡುವು 8:30. ಸಾಲು ಉದ್ದವಿದ್ದರೆ ಅಂತ ಅರ್ಧ ಗಂಟೆ, ದಾರಿಯಲ್ಲಿ ಏನಾದರೂ ಆದರೆ ಅಂತ ಇನ್ನರ್ಧ ಗಂಟೆ ತೆಗೆದೆ. 7:30ಕ್ಕೆ ಅಲ್ಲಿ ಇಳಿಯಬೇಕು. ಮೊಬೈಲಿನ ಮ್ಯಾಪಿನಲ್ಲಿ 'ಇಷ್ಟು ಹೊತ್ತಿಗೆ ತಲುಪಬೇಕು' ಎಂದು ಹಾಕಿ ನೋಡುವ ಸೌಲಭ್ಯ ಇದೆಯಲ್ಲ, ಅದರಲ್ಲಿ ನೋಡಿದೆ. ಆ ಹೊತ್ತಿಗೆ ಮೂರೂವರೆಯಿಂದ ನಾಲ್ಕು ಗಂಟೆ ತೋರಿಸಿತು. ಸಂಜೆ ಏಳಕ್ಕೆ ಸುಮ್ನೆ ದೂರ ಹಾಕಿ ನೋಡಿದರೆ ಬರುವ ಉತ್ತರ ಬೇರೆ. ಇದನ್ನು ನೋಡದೆ ಹೊರಟು ಎಷ್ಟು ಜನ ಸಿಕ್ಕಿಹಾಕಿಕೊಳ್ಳುತ್ತಾರೋ. ಅಂತೂ ಬೆಳಗಿನ 3:30ಕ್ಕಿಂತ ತಡವಾಗಿ ಹೊರಡುವ ಹಾಗಿಲ್ಲ ಎಂದು ಖಾತ್ರಿಯಾಯಿತು.

ಇನ್ನೊಂದು ಭಯವೂ ಇತ್ತು. ನನ್ನದು ಎರಡು ವಿಮಾನದ ಪ್ರಯಾಣ, ನಡುವೆ ಇಳಿದು ಹತ್ತಬೇಕು. ಒಂದೇ ಟಿಕೆಟ್ಟಿನಲ್ಲಿರುವ ಮೊದಲ ವಿಮಾನಕ್ಕೆ ಹೋಗದಿದ್ದರೆ ಸಾಮಾನ್ಯವಾಗಿ ಮುಂದಿನವೂ ತಾವಾಗಿಯೇ ರದ್ದಾಗುತ್ತವೆ. ಎರಡನೆಯದನ್ನು ಹೇಗಾದರೂ ಹಿಡಿಯುತ್ತೇನೆ ಎಂದರೂ ಸೀಟು ಉಳಿದಿರುವುದಿಲ್ಲ.

ಆ್ಯಪ್ ತೆರೆದೆ. ಟ್ಯಾಕ್ಸಿಗೆ ತೋರಿಸಿದ ದರ ನೋಡಿ ಕಣ್ಣು ಕತ್ತಲಿಟ್ಟಿತು. ವಿಮಾನದ ಟಿಕೆಟ್ಟಿಗೆ ಕೊಟ್ಟದ್ದರ ಹತ್ತಿರ ಹತ್ತಿರ ಇತ್ತು. ಇಷ್ಟು ಕೊಡುವುದಾದರೆ ದೂರದ ಏರ್‌ಪೋರ್ಟಿನಿಂದ ಉಳಿದದ್ದರಲ್ಲಿ ಅರ್ಧ ಹೋಗಿಬಿಡುತ್ತದೆ. ತಮ್ಮನ ಆಸ್ಪತ್ರೆ ಖರ್ಚು ಎದುರಿಗಿದ್ದಾಗ ಆ ದುಡ್ಡು ಚಿಕ್ಕದಲ್ಲ. ಆದರೂ ಬೇರೆ ದಾರಿ ಇಲ್ಲದಿದ್ದರೆ ಇದೇ ಸರಿ ಎಂದು ಮುಂಗಡ ಬುಕಿಂಗ್ ಒತ್ತಲು ಹೋದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಚಾಲಕರ ವಿವರ ಹೊರಡುವ ಸ್ವಲ್ಪ ಮೊದಲು ತಿಳಿಸಲಾಗುವುದು ಅಂತ.

ಅದನ್ನು ಎರಡು ಸಲ ಓದಿದೆ. ಅಂದರೆ ಈಗ ಬುಕ್ ಮಾಡಿದರೂ ಗಾಡಿ ಇದೆ ಅಂತ ಅರ್ಥವಲ್ಲ. ಆ ಹೊತ್ತಿಗೆ ಹುಡುಕುತ್ತಾರೆ, ಯಾರಾದರೂ ಒಪ್ಪಿದರೆ ಬರುತ್ತಾರೆ. ಬೆಳಗಿನ ಮೂರೂವರೆಗೆ, 190 ಕಿಲೋಮೀಟರ್ ದೂರಕ್ಕೆ ಯಾರು ಒಪ್ಪುತ್ತಾರೆ? ಯಾರೂ ಒಪ್ಪದಿದ್ದರೆ ನನಗೆ ತಿಳಿಯುವುದು ಮೂರು ಗಂಟೆಗೆ. ಆಗ ಮಾಡಲು ಏನೂ ಉಳಿದಿರುವುದಿಲ್ಲ. ದರಕ್ಕಿಂತ ಹೆಚ್ಚಾಗಿ ಇದೇ ನನ್ನನ್ನು ತಡೆಯಿತು.

ರೈಲು ನೋಡಿದೆ. ಏರ್‌ಪೋರ್ಟಿಗೆ ರೈಲಿಲ್ಲ. ಅದಕ್ಕೆ 22 ಕಿಲೋಮೀಟರ್ ದೂರದ ಒಂದು ನಿಲ್ದಾಣದವರೆಗೆ ರಾತ್ರಿ 10:20ರ ಕೊನೆಯ ರೈಲಿತ್ತು. ಅಲ್ಲಿ ಇಳಿಯುವುದು ಎರಡು ಗಂಟೆಗೆ. ಬೆಳಗಿನ ಮೊದಲ ಬಸ್ಸಿನವರೆಗೆ ಪ್ಲಾಟ್‌ಫಾರಂ ಮೇಲೆ ಒಬ್ಬಳೇ ಕೂತಿರಬೇಕು. ಇಷ್ಟವಿರಲಿಲ್ಲ, ಆದರೆ ಅದು ನಂಬಬಹುದಾದ ದಾರಿ. ಹಾಳೆಯ ಮೇಲೆ ದೊಡ್ಡದಾಗಿ ಬರೆದೆ: '9:30ರೊಳಗೆ ಏನೂ ಸಿಗದಿದ್ದರೆ ರೈಲು.' ಹೀಗೆ ಒಂದು ಗಡುವು ಬರೆದಿಟ್ಟ ಮೇಲೆ ಉಸಿರು ಸ್ವಲ್ಪ ಹಗುರಾಯಿತು. ಕೈಯಲ್ಲಿ ಎರಡು ಗಂಟೆ ಇತ್ತು.

ಕಾರಿನ ಸೀಟು ಹಂಚಿಕೊಳ್ಳುವ ಆ್ಯಪಿನಲ್ಲಿ ಒಂದೇ ಒಂದು ಗಾಡಿ ಸಿಕ್ಕಿತು. ದರ ತುಂಬಾ ಕಮ್ಮಿ. ಅಲ್ಲಿ ಓಡಿಸುವವರು ಹೇಗೂ ಹೋಗುತ್ತಿರುತ್ತಾರೆ, ಪೆಟ್ರೋಲಿನ ಖರ್ಚು ಹಂಚಿಕೊಳ್ಳುತ್ತಾರೆ, ಅಷ್ಟೇ. ಆದರೆ ಅವರು ಹೊರಡುವುದು ಆರು ಗಂಟೆಗೆ. ಎರಡೂವರೆ ಗಂಟೆ ಮುಂಚೆ ಹೊರಡಲು ಆಗುತ್ತದಾ ಎಂದು ಕೇಳಿದೆ. ಆಗಲ್ಲ ಎಂದು ಮರ್ಯಾದೆಯಿಂದಲೇ ಹೇಳಿದರು.

ಆಮೇಲೆ ಫೋನ್ ಹಚ್ಚಲು ಶುರು ಮಾಡಿದೆ. ಟ್ರಾವೆಲ್ಸ್‌ನವರು, ಟ್ಯಾಕ್ಸಿ ಸ್ಟ್ಯಾಂಡಿನವರು, ಹಿಂದೊಮ್ಮೆ ಮನೆ ಸಾಮಾನು ಸಾಗಿಸಿದ್ದ ಚಾಲಕರು. ಮೊದಲ ನಾಲ್ಕೂ ಕಡೆ ಆ್ಯಪಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಹೇಳಿದರು. ಐದನೆಯವರು ವಯಸ್ಸಾದ ಚಾಲಕರು. ದನಿಯಲ್ಲಿ ಅವಸರ ಇರಲಿಲ್ಲ. ನಾನು ಸುಸ್ತಾಗಿ, "ಯಾಕಣ್ಣ ಇಷ್ಟೊಂದು? ಒಂದೇ ಕಡೆ ತಾನೇ ಹೋಗೋದು?" ಎಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಹೋಗೋವಾಗ ನೀವಿರ್ತೀರಮ್ಮ. ಬರೋವಾಗ ಯಾರಿರ್ತಾರೆ? ಅಲ್ಲಿ ನಮಗೆ ಬಾಡಿಗೆ ಹತ್ತಿಸಿಕೊಳ್ಳೋಕೆ ಬಿಡಲ್ಲ. ಖಾಲಿ ಗಾಡಿ ಓಡಿಸ್ಕೊಂಡು ಬರಬೇಕು. ಡೀಸೆಲ್ಲು, ಟೋಲು, ನನ್ನ ಅರ್ಧ ದಿನ, ಅದನ್ನೆಲ್ಲ ಯಾರು ಕೊಡ್ತಾರೆ?" ಎಂದರು.

ನನಗೆ ಅಲ್ಲಿ ಎಲ್ಲವೂ ಸ್ಪಷ್ಟವಾಯಿತು. ನಾಲ್ವರೂ ನನ್ನನ್ನು ಸುಲಿಯಲು ನೋಡುತ್ತಿದ್ದಾರೆ ಎಂದುಕೊಂಡಿದ್ದೆ. ಅದು ತಪ್ಪು. ನಾನು ಕೊಡಬೇಕಾಗಿದ್ದದ್ದು 190 ಕಿಲೋಮೀಟರಿನ ಬಾಡಿಗೆ ಅಲ್ಲ, 380 ಕಿಲೋಮೀಟರಿನದು. ಊರಿನ ಟ್ಯಾಕ್ಸಿ ಏರ್‌ಪೋರ್ಟಿಗೆ ಬಿಡಬಹುದು, ಅಲ್ಲಿಂದ ಜನರನ್ನು ಹತ್ತಿಸಿಕೊಳ್ಳಲು ಬಹಳ ಕಡೆ ಬೇರೆ ಪರವಾನಗಿ ಬೇಕು. ದೂರದ ಏರ್‌ಪೋರ್ಟಿನ ಬಾಡಿಗೆ ದುಬಾರಿಯಾಗೋದು ಆ ಖಾಲಿ ವಾಪಸಾತಿಯಿಂದ.

ಹಾಗಾದರೆ ಖಾಲಿ ವಾಪಸಾತಿಯ ಪ್ರಶ್ನೆಯೇ ಇಲ್ಲದ ಗಾಡಿ ಯಾವುದು? ನನ್ನ ಬಾಯಿಂದ ಪ್ರಶ್ನೆ ಹೊರಡುವ ಮೊದಲೇ ಅವರೇ ಹೇಳಿದರು. "ನಾಳೆ ಬೆಳಿಗ್ಗೆ ಅಲ್ಲಿಂದ ಯಾರನ್ನಾದರೂ ಕರ್ಕೊಂಡು ಬರೋಕೆ ಹೋಗೋ ಗಾಡಿ ಇದೆಯಾ ನೋಡಿ. ಅದು ಹೋಗೋವಾಗ ಖಾಲಿ ಹೋಗುತ್ತೆ."

ಇಷ್ಟು ಹೊತ್ತು ನಾನು ಎಲ್ಲರನ್ನೂ ಕೇಳಿದ್ದು "ನನ್ನನ್ನು ಬಿಡ್ತೀರಾ, ಎಷ್ಟಾಗುತ್ತೆ?" ಅಂತ. ಈಗ ಪ್ರಶ್ನೆ ಬದಲಾಯಿಸಿದೆ. "ನಾಳೆ ಬೆಳಿಗ್ಗೆ ಏರ್‌ಪೋರ್ಟಿನಿಂದ ನಿಮಗೆ ಪಿಕಪ್ ಇದೆಯಾ?" ಅಷ್ಟೇ. ಈಗಾಗಲೇ ಮಾತಾಡಿದ್ದವರಿಗೇ ಮತ್ತೆ ಫೋನ್ ಮಾಡಿದೆ. ಎರಡನೇ ಟ್ರಾವೆಲ್ಸ್‌ನವರು ಪುಸ್ತಕ ತಿರುವಿ ಹಾಕುವ ಸದ್ದು ಕೇಳಿಸಿತು. "ಇದೆ ಮೇಡಂ. 6:15ಕ್ಕೆ ಇಳಿಯೋ ಒಂದು ಕುಟುಂಬ. ಗಾಡಿ ಎರಡು ಗಂಟೆಗೆ ಹೊರಡುತ್ತೆ." ಅರ್ಧ ಗಂಟೆ ಮುಂಚೆ ಇದೇ ಜನ ನನಗೆ ಟಿಕೆಟ್ಟಿನಷ್ಟು ದರ ಹೇಳಿದ್ದರು. ಅವರಲ್ಲಿ ಆ ಗಾಡಿ ಆಗಲೂ ಇತ್ತು. ನಾನು ಕೇಳಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ದರ ಮೊದಲು ಹೇಳಿದ್ದರ ಕಾಲು ಭಾಗಕ್ಕೆ ಇಳಿಯಿತು.

ಒಪ್ಪುವ ಮೊದಲು ಒಂದು ವಿಷಯ ಮನಸ್ಸಿಗೆ ಕಿರಿಕಿರಿ ಮಾಡಿತು. ಆ ಕುಟುಂಬ ಎರಡೂ ಕಡೆಯ ಬಾಡಿಗೆಗೆ ಒಪ್ಪಿರುತ್ತದೆ. ಅವರ ದುಡ್ಡಿನಲ್ಲಿ ಹೋಗುವ ಗಾಡಿಯಲ್ಲಿ ನಾನು ಕೂರುವುದು ಅವರಿಗೆ ಗೊತ್ತಿರಬೇಕು ಅನ್ನಿಸಿತು. ಹಾಗೆಂದೇ ಮಾಲೀಕರಿಗೆ ಹೇಳಿದೆ. ಅವರು ಆ ಮನೆಯವರಿಗೆ ಫೋನ್ ಮಾಡಿ ಕೇಳಿದರು. ಹತ್ತು ನಿಮಿಷದಲ್ಲಿ ವಾಪಸ್ ಫೋನ್ ಬಂತು. "ಧಾರಾಳವಾಗಿ ಬರಲಿ ಅಂದ್ರು. ಅವರ ಬಾಡಿಗೇಲಿ ಸ್ವಲ್ಪ ಕಡಿಮೆ ಮಾಡ್ತೀನಿ ಅಂದಿದೀನಿ." ಮುಖ ನೋಡಿರದ ಆ ಜನರ ಮೇಲೆ ನನಗೆ ಈಗಲೂ ಪ್ರೀತಿ ಇದೆ.

ಗಂಟೆ 9:10. ಹಾಳೆಯ ಮೇಲಿನ 'ರೈಲು' ಪದಕ್ಕೆ ಗೀಟು ಹಾಕಲು ಕೈ ಹೋಯಿತು, ಹಾಕಲಿಲ್ಲ. ಚಾಲಕರ ಜೊತೆಗೇ ಮಾತಾಡುವವರೆಗೆ ಅದು ಇರಲಿ ಎಂದುಕೊಂಡೆ. ಮಾಲೀಕರು ನಂಬರ್ ಕೊಟ್ಟರು. ಚಾಲಕರು ಚಿಕ್ಕ ವಯಸ್ಸಿನವರು. ನಿದ್ದೆಯಿಂದ ಎದ್ದು ಮಾತಾಡಿದರು. ಅದನ್ನು ಕೇಳಿ ನನಗೆ ಸಮಾಧಾನವೇ ಆಯಿತು, ಎರಡು ಗಂಟೆಗೆ ಓಡಿಸುವವರು ಆ ಹೊತ್ತಿಗೆ ಮಲಗಿರಬೇಕು. ಟೋಲು, ಏರ್‌ಪೋರ್ಟಿನ ಒಳಗಿನ ಪಾರ್ಕಿಂಗು, ರಾತ್ರಿ ಭತ್ಯೆ ಎಲ್ಲಾ ಹೇಳಿದ ದರದೊಳಗೇ ಬರುತ್ತವಾ ಎಂದು ಒಂದೊಂದಾಗಿ ಕೇಳಿದೆ. ಬರುತ್ತವೆ ಎಂದರು. ಅದನ್ನೇ ಮೆಸೇಜಿನಲ್ಲಿ ಬರೆದು ಕಳಿಸಿದೆ, 'ಸರಿ ಮೇಡಂ' ಅಂತ ಉತ್ತರ ಬಂತು. ಆಮೇಲೆ ಗೀಟು ಹಾಕಿದೆ.

ಉಳಿದದ್ದು ಒಂದೇ. ಗಾಡಿ ನನ್ನ ಮನೆ ಬಾಗಿಲಿಗೆ ಬರುವುದಿಲ್ಲ. ಹೆದ್ದಾರಿಯಲ್ಲಿ ಹತ್ತಿಕೊಳ್ಳಬೇಕು. ಮನೆಯಿಂದ ಹೆದ್ದಾರಿಗೆ 6 ಕಿಲೋಮೀಟರ್. ರಾತ್ರಿ ಎರಡು ಗಂಟೆಗೆ ಒಬ್ಬ ಹೆಂಗಸು ಸೂಟ್‌ಕೇಸ್ ಹಿಡಿದು ಹೆದ್ದಾರಿ ಪಕ್ಕ ನಿಲ್ಲುವುದು ನನಗೆ ಬೇಡವಾಗಿತ್ತು. ಹಾಗಾಗಿ ಜಾಗ ನಾನೇ ಹೇಳಿದೆ: ರಾತ್ರಿಯಿಡೀ ತೆರೆದಿರುವ, ದೀಪ ಚೆನ್ನಾಗಿರುವ ಒಂದು ಪೆಟ್ರೋಲ್ ಬಂಕು. ಪಕ್ಕದ ಮನೆಯವರು ತಮ್ಮ ಸ್ಕೂಟರಿನಲ್ಲಿ ಅಲ್ಲಿಯವರೆಗೆ ಬಿಡಲು ಒಪ್ಪಿದರು. ಬಿಟ್ಟ ಮೇಲೂ ಹೋಗಲಿಲ್ಲ. ಗಾಡಿ ಬಂದು, ನಂಬರ್ ಪ್ಲೇಟಿನ ಫೋಟೋ ತೆಗೆದು, ಚಾಲಕರನ್ನು ಮಾತಾಡಿಸಿ, ಆಮೇಲೆ ಹೊರಟರು. ನಾನು ಆ ಫೋಟೋ, ಚಾಲಕರ ನಂಬರ್ ಎರಡನ್ನೂ ಅಮ್ಮನಿಗೂ ಗೆಳತಿಗೂ ಕಳಿಸಿದೆ. ಮೊಬೈಲಿನಲ್ಲಿ ನಾನಿರುವ ಜಾಗ ಅವರಿಗೆ ಕಾಣುವಂತೆ ಹಾಕಿಟ್ಟೆ. ಗೆಳತಿ ಆಸ್ಪತ್ರೆಯಿಂದಲೇ ಉತ್ತರಿಸಿದಳು. ಮಗುವಿನ ಜ್ವರ ಇಳಿದಿತ್ತು.

ಗಾಡಿ ಹೊರಟ ಮೇಲೆ ಒಂದೂವರೆ ಗಂಟೆ ಏನೂ ಆಗಲಿಲ್ಲ. ರಸ್ತೆ ಖಾಲಿ. ಮೂರೂಮುಕ್ಕಾಲರ ಹೊತ್ತಿಗೆ ನಾನು ಗಮನಿಸಿದೆ. ಚಾಲಕರು ಕಿಟಕಿ ಇಳಿಸಿದರು. ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಹಿಂಭಾಗ ಉಜ್ಜಿಕೊಂಡರು. ಆಮೇಲೆ ಏನೂ ಇಲ್ಲದ ನೇರ ರಸ್ತೆಯಲ್ಲಿ ಚಕ್ರ ಬಿಳಿ ಗೆರೆಯ ಮೇಲೆ ಹತ್ತಿ, ಗರಗರ ಸದ್ದಾಗಿ, ಮತ್ತೆ ಒಳಗೆ ಬಂತು. ಬರೀ ಒಂದು ಕ್ಷಣ. ಕನ್ನಡಿಯಲ್ಲಿ ಅವರ ಕಣ್ಣು ನೋಡಿದೆ. ರೆಪ್ಪೆ ನಿಧಾನವಾಗಿ ಮುಚ್ಚಿ, ನಿಧಾನವಾಗಿ ತೆರೆಯುತ್ತಿತ್ತು.

ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ನಮ್ಮ ಮೈ ನಿದ್ದೆಯ ಕಡೆಗೆ ಎಳೆಯುತ್ತದೆ. ಎಷ್ಟೇ ಗಟ್ಟಿ ಮನಸ್ಸಿನವರಿಗೂ ಅದು ತಪ್ಪದು. ಕಿಟಕಿಯ ಗಾಳಿ, ಜೋರು ಹಾಡು ಇವೆಲ್ಲ ಕೆಲವು ನಿಮಿಷದ ಆಟ. ನನ್ನ ಹತ್ತಿರ ಸಮಯ ಬೇಕಾದಷ್ಟಿತ್ತು. ಅವರು ಕರೆತರಬೇಕಿದ್ದ ಕುಟುಂಬವೂ 6:15ಕ್ಕೆ ಇಳಿದು ಲಗೇಜು ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಏಳಾಗುತ್ತದೆ. "ಅಣ್ಣ, ಮುಂದೆ ಎಲ್ಲಾದರೂ ದೀಪ ಇರೋ ಕಡೆ ನಿಲ್ಲಿಸಿ. ಇಪ್ಪತ್ತು ನಿಮಿಷ ಮಲಗಿ. ನಾನು ಎಬ್ಬಿಸ್ತೀನಿ" ಎಂದೆ. ಬೇಡ ಮೇಡಂ, ಏನಿಲ್ಲ ಎಂದರು. "ನಾಳೆ ನನ್ನ ತಮ್ಮನಿಗೆ ಆಪರೇಷನ್ ಇದೆ. ನಾನು ಅಲ್ಲಿ ಇರಲೇಬೇಕು. ದಯವಿಟ್ಟು ಮಲಗಿ" ಎಂದೆ. ಆಗ ನಿಲ್ಲಿಸಿದರು.

ಸೀಟು ಹಿಂದಕ್ಕೆ ಬಾಗಿಸಿದ ಕೂಡಲೇ ನಿದ್ದೆ ಹೋದರು. ನಾನು ಮೊಬೈಲಿನ ಗಡಿಯಾರ ನೋಡುತ್ತಾ ಕೂತೆ. ಇಡೀ ರಾತ್ರಿಯಲ್ಲಿ ಅತಿ ಉದ್ದವಾದ ಇಪ್ಪತ್ತು ನಿಮಿಷ ಅದು. ಎಬ್ಬಿಸಿದಾಗ ಇಳಿದು, ಬಾಟಲಿಯ ನೀರನ್ನು ಮುಖಕ್ಕೆ ಎರಚಿಕೊಂಡು, ಅಂಗಿಯ ತೋಳಿನಿಂದ ಒರೆಸಿಕೊಂಡು ಬಂದು ಕೂತರು. ಮುಂದಿನ ದಾರಿಯೆಲ್ಲ ನಾವು ಮಾತಾಡುತ್ತಲೇ ಹೋದೆವು. ವಾರಕ್ಕೆ ಮೂರು ನಾಲ್ಕು ಸಲ ಈ ದಾರಿಯಲ್ಲಿ ಖಾಲಿ ಹೋಗುತ್ತಾರಂತೆ, ಇಲ್ಲವೇ ಖಾಲಿ ಬರುತ್ತಾರಂತೆ. ಹಿಂದಿನ ಸೀಟಿನಲ್ಲಿ ಯಾರಾದರೂ ಇದ್ದರೆ ನಿದ್ದೆಯೂ ಬರಲ್ಲ, ನಾಲ್ಕು ಕಾಸೂ ಸಿಗುತ್ತೆ, ಆದರೆ ಕೇಳುವವರೇ ಇಲ್ಲ ಎಂದರು.

ದೂರದ ಏರ್‌ಪೋರ್ಟಿನ ಈ ಪಾಡು ನನ್ನೊಬ್ಬಳದೇ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಯುರೋಪಿನಲ್ಲಿ ಅಗ್ಗದ ವಿಮಾನಗಳು ಇಳಿಯುವ ಕೆಲವು ಏರ್‌ಪೋರ್ಟುಗಳಿಗೆ ದೊಡ್ಡ ನಗರದ ಹೆಸರಿರುತ್ತದೆ, ನಗರ ಮಾತ್ರ ಎಲ್ಲೋ ಇರುತ್ತದೆ. ಫ್ರಾಂಕ್‌ಫರ್ಟ್ ಹಾನ್ ಅನ್ನುವುದು ಫ್ರಾಂಕ್‌ಫರ್ಟಿನಿಂದ ಸುಮಾರು 120 ಕಿಲೋಮೀಟರ್. ಸ್ಟಾಕ್‌ಹೋಮ್ ಸ್ಕಾವ್ಸ್ತಾ ಸುಮಾರು 100. ಪ್ಯಾರಿಸ್ ಬೋವೆ ಸುಮಾರು 85. ಟಿಕೆಟ್ ಕೊಳ್ಳುವಾಗ ಊರಿನ ಹೆಸರಿನ ಬದಲು ಪಕ್ಕದಲ್ಲಿರುವ ಮೂರು ಅಕ್ಷರದ ಕೋಡ್ ನೋಡಬೇಕು, ಅದನ್ನು ಮ್ಯಾಪಿನಲ್ಲಿ ಹಾಕಬೇಕು. ಇಂಥ ಕಡೆ ವಿಮಾನದ ಹೊತ್ತಿಗೆ ಹೊಂದುವಂತೆ ನಗರದಿಂದ ಬಸ್ಸು ಬಿಡುವ ರೂಢಿ ಇದೆ, ಅದು ಸಿಕ್ಕರೆ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ.

ಕೆನಡಾದ ಮಿರಬೆಲ್ ಕಥೆಯಂತೂ ಮನಸ್ಸಿಗೆ ನಾಟಿತು. ಮಾಂಟ್ರಿಯಲ್ ನಗರಕ್ಕೆ ಅಂತ 1975ರಲ್ಲಿ ತೆರೆದ ಭಾರೀ ಏರ್‌ಪೋರ್ಟ್ ಅದು. ನಗರದಿಂದ 50 ಕಿಲೋಮೀಟರಿಗೂ ಜಾಸ್ತಿ ದೂರ. ವೇಗದ ರೈಲು ಬರುತ್ತದೆ ಎಂದಿದ್ದರು, ಬರಲೇ ಇಲ್ಲ. ದೇಶದೊಳಗಿನ ವಿಮಾನಗಳು ಹಳೆಯ ಏರ್‌ಪೋರ್ಟಿನಲ್ಲೇ ಉಳಿದವು. ವಿದೇಶದಿಂದ ಇಳಿದವರು ಇನ್ನೊಂದು ವಿಮಾನ ಹಿಡಿಯಲು ರಸ್ತೆಯಲ್ಲಿ ಅಷ್ಟು ದೂರ ಹೋಗಬೇಕಿತ್ತು. 2004ರಲ್ಲಿ ಪ್ರಯಾಣಿಕರ ವಿಮಾನಗಳು ಅಲ್ಲಿ ನಿಂತೇಹೋದವು. ರನ್‌ವೇ ಇತ್ತು, ಕಟ್ಟಡ ಇತ್ತು. ಹೋಗುವ ದಾರಿ ಸರಿಯಿರಲಿಲ್ಲ. ಅದನ್ನು ಓದುವಾಗ ಸೂಟ್‌ಕೇಸ್ ಹಿಡಿದು ಹೊತ್ತು ನೋಡುತ್ತಾ ನಿಂತ ಎಷ್ಟೋ ಜನ ನನ್ನ ಕಣ್ಣ ಮುಂದೆ ಬಂದರು.

ನಾವು ತಲುಪಿದಾಗ 5:50. ಕೌಂಟರ್ ಇನ್ನೂ ತೆರೆದಿರಲಿಲ್ಲ. ಕಾಯುವುದು ನನಗೆ ಕಷ್ಟ ಅನ್ನಿಸಲಿಲ್ಲ. ಚಾಲಕರು ಡಿಕ್ಕಿಯಿಂದ ನನ್ನ ಸೂಟ್‌ಕೇಸ್ ಇಳಿಸಿದರು. ಮುಂದಿನ ಸೀಟಿನಿಂದ ಒಂದು ರಟ್ಟಿನ ಹಲಗೆ ತೆಗೆದರು, ಮೇಲೆ ಆ ಕುಟುಂಬದವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಮಾತಾಡಿದಷ್ಟು ದುಡ್ಡು ಕೊಟ್ಟು, ಮೇಲೆ ಸ್ವಲ್ಪ ಸೇರಿಸಿದೆ. ಬೇಡ ಎಂದರು, ಆಮೇಲೆ ತೆಗೆದುಕೊಂಡರು. "ತಮ್ಮನಿಗೆ ಒಳ್ಳೇದಾಗಲಿ ಮೇಡಂ" ಎಂದು ಹಲಗೆ ಹಿಡಿದು ಆಗಮನದ ಬಾಗಿಲ ಕಡೆಗೆ ಹೋದರು. ನಾನು ನಿರ್ಗಮನದ ಕಡೆಗೆ ಹೊರಟೆ. ಲಗೇಜು ಕೌಂಟರಿನಲ್ಲಿ ಸಾಲಿನಲ್ಲಿ ನಾನೇ ಮೂರನೆಯವಳು.

ತಮ್ಮನ ಆಪರೇಷನ್ ಚೆನ್ನಾಗಿಯೇ ಆಯಿತು. ಅವನನ್ನು ಒಳಗೆ ಕರೆದೊಯ್ಯುವಾಗ ಅವನ ಕೈ ಹಿಡಿದುಕೊಂಡಿದ್ದೆ. ಎಂಟು ದಿನ ಅಲ್ಲಿದ್ದು ವಾಪಸ್ ಹೊರಡುವ ಎರಡು ದಿನ ಮೊದಲು ಆ ಚಾಲಕರಿಗೆ ಮೆಸೇಜ್ ಮಾಡಿದೆ. ಇಂಥ ದಿನ, ಇಂಥ ಹೊತ್ತಿಗೆ ಇಳಿಯುತ್ತೇನೆ, ಆ ಕಡೆಯಿಂದ ಯಾವುದಾದರೂ ಗಾಡಿ ಖಾಲಿ ಬರುತ್ತದಾ ಎಂದು. ಹತ್ತು ನಿಮಿಷದಲ್ಲಿ ಉತ್ತರ ಬಂತು.

"ಅವತ್ತು ಮಧ್ಯಾಹ್ನ ಒಂದು ಡ್ರಾಪ್ ಇದೆ ಮೇಡಂ. ನಾನೇ ಬರ್ತೀನಿ. ಈ ಸಲ ಹಿಂದಿನ ರಾತ್ರಿ ಚೆನ್ನಾಗಿ ಮಲಗಿರ್ತೀನಿ."